ಟ್ಯಾಬ್ ಸಾಕಲ್ವಾ ಮಾರಾಯ್ರೆ?

ಪಿಯುಸಿ ಫಲಿತಾಂಶ ಬಂದು ಕಾಲೇಜು ಅಡ್ಮಿಶನ್ ಸುರುವಾಗುವ ಹೊತ್ತಿಗೆ ಬೆಳ್ತಂಗಡಿ ತಾಲೂಕಿನ ನಮ್ಮ ನೆರಿಯದ ಮನೆಗಳಲ್ಲಿ ಎರಡು ಕೆಲಸ ಒಟ್ಟಿಗೆ ಬಂದು ನಿಲ್ಲುತ್ತವೆ. ಒಂದು, ಮಳೆ ಬಿಗಿಯುವ ಮೊದಲು ಅಡಿಕೆಗೆ ಮದ್ದು ಬಿಡುವುದು. ಇನ್ನೊಂದು, ಮಗಳಿಗೋ ಮಗನಿಗೋ ಕಂಪ್ಯೂಟರ್ ತೆಗೆದುಕೊಡುವುದು. ಮೊದಲನೆಯದರ ಲೆಕ್ಕ ಎಲ್ಲರಿಗೂ ಬಾಯಿಪಾಠ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಎರಡನೆಯದಕ್ಕೆ ಲೆಕ್ಕ ಹೇಳುವವರು ಬಹಳ. ಒಬ್ಬರದು ಇನ್ನೊಬ್ಬರಿಗೆ ತಾಳೆಯಾಗುವುದಿಲ್ಲ.

ಮೇ ಕೊನೆಯ ಒಂದು ಸಂಜೆ ನೆರೆಮನೆಯ ಅಣ್ಣ ಅಂಗಳಕ್ಕೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದರು: “ಟ್ಯಾಬ್ 15 ಸಾವಿರಕ್ಕೆ ಸಿಗ್ತದೆ. ಲ್ಯಾಪ್‌ಟಾಪಿಗೆ 40 ಸಾವಿರ ಹೇಳ್ತಾರೆ. ಎರಡರಲ್ಲೂ ಬರುವುದು ಅದೇ ಅಲ್ವಾ? ಟ್ಯಾಬ್ ಸಾಕಲ್ವಾ ಮಾರಾಯ್ರೆ?” ಮಗಳು ಉಜಿರೆಯಲ್ಲಿ ಬಿಕಾಂ ಸೇರುವವಳು. ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯುವ ಉತ್ತರ ಅಲ್ಲ ಅದು. ಅವತ್ತು ಹೇಳಿದ್ದನ್ನೂ ಹೇಳದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಎರಡೂ ಒಂದೇ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾದದ್ದು ಕೊರೊನಾ ಕಾಲದಲ್ಲಿ. ಅದಕ್ಕೆ ಸ್ವಲ್ಪ ಮೊದಲಷ್ಟೇ ರಾಜ್ಯ ಸರ್ಕಾರ ಪದವಿ ಕಾಲೇಜಿನ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿತ್ತು. 2021ರ ಜೂನ್‌ನಲ್ಲಿ ಅದೇ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ಮಕ್ಕಳಿಗೆ ಟ್ಯಾಬ್ ಕೊಡಲು ಹೊರಟಿತು. ಅದರ ಖರ್ಚು ಸುಮಾರು 163 ಕೋಟಿ ರೂಪಾಯಿ. ಭಾಗಿಸಿ ನೋಡಿ, ಒಂದಕ್ಕೆ ಹತ್ತೂವರೆ ಸಾವಿರ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೂ ‘ಜ್ಞಾನತಾಣ’ದ ಹೆಸರಿನಲ್ಲಿ ಟ್ಯಾಬ್, ಲ್ಯಾಪ್‌ಟಾಪ್ ಎರಡನ್ನೂ ಹಳ್ಳಿಯ ಮಕ್ಕಳಿಗೆ ತಲುಪಿಸಿತು. ಆಗ ಮಕ್ಕಳ ಕೆಲಸ ಒಂದೇ, ಆನ್‌ಲೈನ್ ತರಗತಿಯ ಮುಂದೆ ಕುಳಿತು ಕೇಳುವುದು. ಕೇಳುವುದಕ್ಕೆ, ನೋಡುವುದಕ್ಕೆ ಟ್ಯಾಬ್ ಧಾರಾಳ ಸಾಕಿತ್ತು. ಆ ಕಾಲ ಮುಗಿಯಿತು, ‘ಲ್ಯಾಪ್‌ಟಾಪಿನ ಬದಲಿಗೆ ಟ್ಯಾಬ್’ ಎಂಬ ಮಾತು ಮಾತ್ರ ಉಳಿಯಿತು.

“ಟ್ಯಾಬ್ ಅಂದರೆ ಸಣ್ಣ ಲ್ಯಾಪ್‌ಟಾಪ್”

ಅಲ್ಲ, ಅದು ದೊಡ್ಡ ಫೋನ್. ವಿಂಡೋಸ್ ಹಾಕಿದ ಟ್ಯಾಬುಗಳು ಇವೆಯಾದರೂ ಅವುಗಳ ಬೆಲೆ ಲ್ಯಾಪ್‌ಟಾಪನ್ನು ದಾಟುವುದೇ ಹೆಚ್ಚು, ಹಾಗಾಗಿ ಅವನ್ನು ಬಿಡಿ. 15 ಸಾವಿರಕ್ಕೆ ಸಿಗುವುದು ಆಂಡ್ರಾಯ್ಡ್ ಟ್ಯಾಬ್. ನಿಮ್ಮ ಕಿಸೆಯ ಫೋನಿನಲ್ಲಿ ಏನಾಗುತ್ತದೋ ಅದರಲ್ಲೂ ಅದೇ ಆಗುತ್ತದೆ, ದೊಡ್ಡದಾಗಿ ಕಾಣುತ್ತದೆ ಅಷ್ಟೆ.

ಇದು ಶಕ್ತಿಯ ಪ್ರಶ್ನೆ ಎಂದು ಹೆಚ್ಚಿನವರ ಲೆಕ್ಕ. ದುಬಾರಿ ಟ್ಯಾಬ್ ತೆಗೆದರೆ ಲ್ಯಾಪ್‌ಟಾಪಿನ ಕೆಲಸ ಮಾಡೀತು ಎಂದುಕೊಳ್ಳುತ್ತಾರೆ. 2021ರಲ್ಲಿ ಆಪಲ್ ಕಂಪನಿ ತನ್ನ ಮ್ಯಾಕ್‌ಬುಕ್ಕಿಗೆ ಹಾಕಿದ್ದ ಎಂ1 ಎಂಬ ಚಿಪ್ಪನ್ನೇ ಐಪ್ಯಾಡ್ ಪ್ರೋಗೂ ಹಾಕಿತು. ಮಿದುಳು ಒಂದೇ ಆದರೂ ಮ್ಯಾಕ್‌ಬುಕ್ಕಿನ ತಂತ್ರಾಂಶಗಳು ಐಪ್ಯಾಡಿನಲ್ಲಿ ಓಡಲಿಲ್ಲ. ಒಳಗಿನ ಕಾರ್ಯಾಚರಣ ವ್ಯವಸ್ಥೆ ಯಾವುದನ್ನು ಒಳಗೆ ಬಿಡುತ್ತದೆ, ಯಾವುದನ್ನು ಬಿಡುವುದಿಲ್ಲ ಎಂಬುದರ ಮೇಲೆ ಎಲ್ಲ ನಿಂತಿದೆ. ಬಿಕಾಂ ಹುಡುಗಿ ನಾಳೆ ಟ್ಯಾಲಿ ಕಲಿಯಬೇಕು. ಟ್ಯಾಲಿ ಇರುವುದು ವಿಂಡೋಸಿಗೆ. ಎಕ್ಸೆಲ್ ಟ್ಯಾಬಿನಲ್ಲೂ ಉಂಟು, ಆದರೆ ಕೈಕಾಲು ಕಟ್ಟಿದ ಎಕ್ಸೆಲ್. ಬಿಸಿಎ ಹುಡುಗನ ಪ್ರೋಗ್ರಾಮಿಂಗ್, ಸಿವಿಲ್ ಹುಡುಗನ ಆಟೋಕ್ಯಾಡ್, ಇವಕ್ಕಂತೂ ಲ್ಯಾಪ್‌ಟಾಪೇ ಆಗಬೇಕು.

ಪರದೆಯ ವಿಷಯದಲ್ಲಿ ಅಂಗಡಿಯ ಅಂಕಿ ಕಣ್ಣಿಗೆ ಮಣ್ಣೆರಚುತ್ತದೆ. ಟ್ಯಾಬ್ 10 ಇಂಚು, ಲ್ಯಾಪ್‌ಟಾಪ್ 15.6 ಇಂಚು ಎಂದರೆ ಅಂತರ ಐದಾರು ಇಂಚು ಎನಿಸುತ್ತದೆ. ಆದರೆ ಅದು ಮೂಲೆಯಿಂದ ಮೂಲೆಗೆ ಅಳೆದದ್ದು. ವಿಸ್ತೀರ್ಣ ಲೆಕ್ಕ ಹಾಕಿದರೆ ಲ್ಯಾಪ್‌ಟಾಪಿನ ಪರದೆ ಸುಮಾರು 104 ಚದರ ಇಂಚು, ಟ್ಯಾಬಿನದು 46, ಅಂದರೆ ಅರ್ಧವೂ ಇಲ್ಲ. ಒಂದು ಕಡೆ ಪಾಠದ ಪಿಡಿಎಫ್, ಇನ್ನೊಂದು ಕಡೆ ಬರೆಯುವ ಹಾಳೆ ತೆರೆದಿಟ್ಟುಕೊಂಡಾಗ ಇದು ಗೊತ್ತಾಗುತ್ತದೆ.

“ಕೀಬೋರ್ಡ್ ಸಿಕ್ಕಿಸಿದರೆ ಆಯ್ತಲ್ಲ”

ಟೈಪ್ ಮಾಡಲು ಆದೀತು. ಆದರೆ ಟ್ಯಾಲಿ ಆಗಲೂ ಬರುವುದಿಲ್ಲ. ಮತ್ತೆ ಆ ಕೀಬೋರ್ಡ್, ಅದಕ್ಕೊಂದು ಕವರು, ಪೆನ್ ಡ್ರೈವ್ ಹಾಕಲು ಒಂದು ಒಟಿಜಿ ತುಂಡು ಎಂದು ಒಂದೊಂದಾಗಿ ತೆಗೆಯುತ್ತಾ ಹೋದರೆ 15 ಸಾವಿರದ್ದು 20 ದಾಟುತ್ತದೆ. ಬೆಳಿಗ್ಗೆ ಉಜಿರೆಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಆ ಸಂಸಾರ ಮಡಿಲ ಮೇಲೆ ನಿಲ್ಲುವುದಿಲ್ಲ. ಹಿಂದೆ ಆನಿಕೆ ಕೊಟ್ಟು ನಿಲ್ಲಿಸಲು ಮೇಜೇ ಬೇಕು.

“ಕನ್ನಡ ಎರಡರಲ್ಲೂ ಒಂದೇ”

ಇದರ ಬಗ್ಗೆ ಯಾರೂ ಕೇಳುವುದಿಲ್ಲ, ಆಮೇಲೆ ಸಿಕ್ಕಿಬೀಳುತ್ತಾರೆ. ನಮ್ಮ ಶಾಲೆ, ಪಂಚಾಯತು, ಸಹಕಾರಿ ಸಂಘ, ಮದುವೆ ಕಾಗದ ಮುದ್ರಿಸುವ ಪ್ರೆಸ್ಸು ಎಲ್ಲ ಕಡೆ ಹಳೆಯ ಕನ್ನಡ ಕಡತಗಳು ಇರುವುದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ. ಆ ಕಾಲದ ಫಾಂಟುಗಳ ಉಪಾಯ ಏನೆಂದರೆ, ಇಂಗ್ಲಿಷ್ ಅಕ್ಷರ ಕೂರುವ ಜಾಗದಲ್ಲಿ ಕನ್ನಡದ ಚಿತ್ರವನ್ನು ಕೂರಿಸುವುದು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ವೇಷ ಕಳಚಿ, ತಲೆಯ ಮೇಲೆ ಚುಕ್ಕಿ-ಗೆರೆ ಹೊತ್ತ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟುತ್ತವೆ. ಟ್ಯಾಬಿನಲ್ಲಿ ತೆರೆದರೆ ಕಾಣುವುದು ಹೆಚ್ಚಾಗಿ ಅದೇ. ಮೇಷ್ಟ್ರು ಕಳಿಸಿದ ನೋಟ್ಸಿಗೆ ವೈರಸ್ ಬಂದಿದೆ ಎಂದು ಮಕ್ಕಳು ಹೆದರಿದ್ದನ್ನು ನೋಡಿದ್ದೇನೆ. ವೈರಸ್ಸೂ ಇಲ್ಲ, ಎಂತದೂ ಇಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ನುಡಿ ಹಾಕಿಕೊಂಡರೆ ಅದೇ ಕಡತ ಸರಿಯಾಗಿ ತೆರೆಯುತ್ತದೆ. ಯುನಿಕೋಡ್ ಬಂದ ಮೇಲೆ ಕನ್ನಡಕ್ಕೆಂದೇ 128 ಸ್ಥಾನಗಳ ಒಂದು ಕೇರಿ ಸಿಕ್ಕಿದೆ. ಹೊಸದಾಗಿ ಯುನಿಕೋಡಿನಲ್ಲಿ ಬರೆದದ್ದಕ್ಕೆ ಈ ತಾಪತ್ರಯ ಇಲ್ಲ. ಹಳೆಯ ಕಡತಗಳು ಮಾತ್ರ ಇನ್ನೂ ಎಷ್ಟೋ ವರ್ಷ ಇರುತ್ತವೆ.

ಕನ್ನಡ ಟೈಪಿಂಗನ್ನು ಹಗುರ ಮಾಡಿದ ಕೀಲಿಮಣೆ ವಿನ್ಯಾಸ ನಮ್ಮ ಜಿಲ್ಲೆಯವರದ್ದೇ, ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. 26 ಕೀಲಿಗಳಲ್ಲಿ ಇಡೀ ಕನ್ನಡವನ್ನು ಕೂರಿಸಿದ ಆ ಜಾಣ್ಮೆ ಬೆರಳಿಗೆ ಹತ್ತುವುದು ನಿಜವಾದ ಕೀಲಿಗಳ ಮೇಲೆ. ಗಾಜಿನ ಮೇಲೆ ಹತ್ತುಪುಟ ಕನ್ನಡ ಟೈಪ್ ಮಾಡಿ ನೋಡಿ, ಮತ್ತೆ ಮಾತಾಡುವ.

ಟ್ಯಾಬಿನ ಪರವಾಗಿ ಒಂದು ಮಾತು ಹೇಳಲೇಬೇಕು. ಮಾತನ್ನು ಕೇಳಿ ಬರೆದುಕೊಳ್ಳುವ ಸೌಲಭ್ಯ ಅದರಲ್ಲಿ ಸಲೀಸು, ಮತ್ತು ನಮ್ಮ ಕಡೆಯ ಪುಸ್ತಕದಂಥ ಕನ್ನಡ ಅದಕ್ಕೆ ಚಂದ ಅರ್ಥವಾಗುತ್ತದೆ. ಘಟ್ಟದ ಮೇಲಿನವರು ನಮ್ಮ ಮಾತಿಗೆ ನಗುತ್ತಿದ್ದರು. ಯಂತ್ರ ನಗುವುದಿಲ್ಲ.

“ಸಿಮ್ ಹಾಕುವ ಟ್ಯಾಬಾದರೆ ಗುಡ್ಡದ ಅಡಿಯಲ್ಲೂ ನೆಟ್‌ವರ್ಕ್ ಸಿಗ್ತದೆ”

ಫೋನಿಗೆ ಸಿಗದ್ದು ಟ್ಯಾಬಿಗೂ ಸಿಗುವುದಿಲ್ಲ. ಟವರು ಅದೇ, ತರಂಗ ಅದೇ. 2021ರಲ್ಲಿ ಸುಳ್ಯ ತಾಲೂಕಿನ ಬಳ್ಳಕ್ಕದಲ್ಲಿ ಮಗಳು ರಸ್ತೆ ಬದಿ ಕುಳಿತು ಪಾಠ ಕೇಳುವಾಗ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಕೈಯಲ್ಲಿ ಯಾವ ಯಂತ್ರ ಇದ್ದರೂ ಅವರು ಅಲ್ಲಿಗೇ ಬರಬೇಕಿತ್ತು. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ತೈಲದ ಕೊಳವೆಗೆ ಘಟ್ಟ ಹತ್ತಿಸಲು ನೆರಿಯದಲ್ಲೊಂದು ಪಂಪಿಂಗ್ ಸ್ಟೇಷನ್ ಇದೆ. ಎಣ್ಣೆಗೇ ಇಲ್ಲಿ ಒಂದು ದೂಡುವಿಕೆ ಬೇಕಾದರೆ, ಗುಡ್ಡದ ಮರೆಗೆ ಬಂದ ತರಂಗದ ಗತಿ ಏನು? ಮನೆಗೆ ಫೈಬರ್ ಬಂದಿದ್ದರೆ ವೈಫೈ ಸಾಕು, ಆಗ ಎರಡೂ ಸಮ. ಬಂದಿಲ್ಲದಿದ್ದರೆ ಲ್ಯಾಪ್‌ಟಾಪಿಗೆ ಫೋನಿನ ಹಾಟ್‌ಸ್ಪಾಟ್. ಸಿಮ್‌ಗಾಗಿ ಟ್ಯಾಬಿಗೆ ಎರಡು ಮೂರು ಸಾವಿರ ಹೆಚ್ಚು ಕೊಡುವ ಮೊದಲು, ಯಾವ ಕಂಪನಿಯ ಸಿಮ್ ಮನೆಯ ಜಗಲಿಯಲ್ಲಿ ಹಿಡಿಯುತ್ತದೆ ಎಂದು ಫೋನಿನಲ್ಲೇ ನೋಡಿಕೊಳ್ಳಿ.

“ಕರೆಂಟು ಹೋದರೆ ಎರಡೂ ಒಂದೇ”

ಇಲ್ಲಿ ಟ್ಯಾಬಿನದ್ದೇ ಗೆಲುವು. ಸಾಮಾನ್ಯ ಟ್ಯಾಬಿನ 8,000 ಎಂಎಎಚ್ ಬ್ಯಾಟರಿ ಎಂದರೆ ಸುಮಾರು 31 ವ್ಯಾಟ್-ಅವರ್. ಸಾಧಾರಣ ಲ್ಯಾಪ್‌ಟಾಪಿನದ್ದು 40ರಿಂದ 50. ಅಂಕಿಯಲ್ಲಿ ಲ್ಯಾಪ್‌ಟಾಪ್ ಮುಂದೆ, ಆದರೆ ಟ್ಯಾಬು ಕುಡಿಯುವುದು ಬಹಳ ಕಡಿಮೆ. 20,000 ಎಂಎಎಚ್‌ನ ಒಂದು ಪವರ್ ಬ್ಯಾಂಕಿನಿಂದ ಅದನ್ನು ಒಂದೂವರೆ ಸಲ ತುಂಬಿಸಬಹುದು. ಜೀಪಿನಲ್ಲಿ ಸಿಕ್ಕಿಸಿದರೂ ಚಾರ್ಜ್ ಆಗುತ್ತದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ, ನೆರಿಯ ಕಡೆ ಹೊಳೆ ಉಕ್ಕಿ ರಸ್ತೆ-ಸೇತುವೆಗಳೇ ಹಾಳಾದ ದಿನಗಳನ್ನು ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ತಂತಿಯ ಮೇಲೆ ಒಂದು ಮರ ಬಿದ್ದರೂ ಸಾಕಲ್ಲ. ಸಿಡಿಲು ಮಾತ್ರ ಎರಡನ್ನೂ ಒಂದೇ ರೀತಿ ನೋಡುತ್ತದೆ. ಮೋಡ ಗುಡುಗಿದರೆ ಚಾರ್ಜರನ್ನೂ ಇಂಟರ್ನೆಟ್ ಪೆಟ್ಟಿಗೆಯ ಪ್ಲಗ್ಗನ್ನೂ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು.

“ಟ್ಯಾಬಿನಲ್ಲಿ ಹಾಳಾಗಲಿಕ್ಕೆ ಎಂತ ಉಂಟು?”

ಫ್ಯಾನ್ ಇಲ್ಲ, ತಿರುಗಣೆ ಇಲ್ಲ, ಕೀಲಿಗಳ ಸಂದಿಗೆ ಹೋಗುವ ಇರುವೆ ಇಲ್ಲ, ನಿಜ. ಆದರೆ ಅದರ ಒಳಗೆಲ್ಲ ಅಂಟು. ಬ್ಯಾಟರಿ ಸೋತರೆ ಗಾಜನ್ನು ಬಿಸಿ ಮಾಡಿ ಬಿಡಿಸಬೇಕು, ಬಿಡಿಸುವಾಗ ಗಾಜು ಒಡೆದರೆ ರಿಪೇರಿಯ ಬೆಲೆ ಹೊಸದರ ಅರ್ಧಕ್ಕೆ ಬಂದು ನಿಲ್ಲುತ್ತದೆ. ಲ್ಯಾಪ್‌ಟಾಪಾದರೆ ಬೆಳ್ತಂಗಡಿಯಲ್ಲೋ ಮೂಡುಬಿದಿರೆಯಲ್ಲೋ ಸ್ಕ್ರೂ ಬಿಚ್ಚಿ ಬ್ಯಾಟರಿ, ಕೀಬೋರ್ಡು, ಡಿಸ್ಕು ಬದಲಿಸುವವರು ಸಿಗುತ್ತಾರೆ.

ಹಾಳಾಗದೆಯೂ ಟ್ಯಾಬ್ ಮುದಿಯಾಗುತ್ತದೆ. ಅಗ್ಗದ ಹೆಚ್ಚಿನ ಟ್ಯಾಬುಗಳಿಗೆ ಕಂಪನಿಯ ಅಪ್‌ಡೇಟ್ ಬರುವುದು ಕೆಲವೇ ವರ್ಷ. ನಾನೇ ಕೊಂಡಿದ್ದ ಒಂದು ಟ್ಯಾಬು ನಾಲ್ಕನೇ ವರ್ಷಕ್ಕೆ ಬ್ಯಾಂಕಿನ ಆ್ಯಪನ್ನು ಒಳಗೆ ಸೇರಿಸಲಿಲ್ಲ. ಈಗ ಅದು ನಮ್ಮ ಮನೆಯಲ್ಲಿ ಯಕ್ಷಗಾನ ನೋಡುವ ಪೆಟ್ಟಿಗೆ. ಆ ಕೆಲಸಕ್ಕೆ ಅದರಷ್ಟು ಲಾಯಕ್ಕಾದದ್ದು ಬೇರೆ ಇಲ್ಲ ಎನ್ನಿ. ತಾಳಮದ್ದಳೆಯಲ್ಲಿ ಪ್ರಸಂಗದ ಪಿಡಿಎಫನ್ನು ಟ್ಯಾಬಿನಲ್ಲಿಟ್ಟು ಪದ್ಯ ಹೇಳುವ ಭಾಗವತರೂ ಇದ್ದಾರೆ. ಅಕ್ಷರ ದೊಡ್ಡದು ಮಾಡಬಹುದು, ದೀಪ ಕಡಿಮೆಯಾದರೂ ಓದಬಹುದು.

“ಹಳ್ಳಿ ಮಕ್ಕಳಿಗೆ ಇಷ್ಟು ಸಾಕು”

ಇದನ್ನು ಬಾಯಿ ಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಂಡವರು ಹೆಚ್ಚು. ಈ ಯೋಚನೆಗೆ ನಮ್ಮ ರಾಜ್ಯದಲ್ಲೇ ಒಂದು ಹಳೆಯ ಕತೆ ಇದೆ. 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಸಿಂಪ್ಯೂಟರ್ ಎಂಬ ಅಂಗೈಯ ಗಣಕವನ್ನು ತೋರಿಸಿದರು. ಓದು ಬಾರದವರಿಗೂ ನಮ್ಮ ಭಾಷೆಗಳಲ್ಲಿ ಓದಿ ಹೇಳುವ ಯಂತ್ರ ಆಗಬೇಕು ಎಂಬುದು ಅವರ ಕನಸು. ಐಪ್ಯಾಡಿಗೆ ಒಂಬತ್ತು ವರ್ಷ ಮೊದಲಿನ ಮಾತು ಇದು. 2004ರಲ್ಲಿ ಮಾರುಕಟ್ಟೆಗೆ ಬಂತು, ಹೆಚ್ಚು ದೂರ ಹೋಗಲಿಲ್ಲ. 2011ರಲ್ಲಿ ಕೇಂದ್ರ ಸರ್ಕಾರ ಎರಡು ಸಾವಿರ ಚಿಲ್ಲರೆ ರೂಪಾಯಿಯ ‘ಆಕಾಶ್’ ಟ್ಯಾಬನ್ನು ತಂದಿತು, ಅದು ನೆಲಕ್ಕಿಳಿಯಲಿಲ್ಲ. ಸಿಂಪ್ಯೂಟರ್ ಮಾಡಿದವರ ಬುದ್ಧಿಗೆ ನನ್ನ ನಮಸ್ಕಾರ ಉಂಟು. ಆದರೆ ಪೇಟೆಯ ಮಕ್ಕಳು ಪೂರ್ತಿ ಕಂಪ್ಯೂಟರಿನಲ್ಲಿ ಕಲಿಯುವಾಗ ಹಳ್ಳಿಯ ಮಕ್ಕಳಿಗೆ ಅರ್ಧದ್ದು ಸಾಕು ಎಂಬ ಎಣಿಕೆಗೆ ಇಲ್ಲ. ಹತ್ತನೆಯವರೆಗಿನ ಮಕ್ಕಳಿಗೆ, ಓದಲು-ನೋಡಲು, ಟ್ಯಾಬ್ ಸರಿಯೇ. ಡಿಗ್ರಿಗೆ ಹೋದವಳು ಬರೆಯಬೇಕು, ಲೆಕ್ಕ ಮಾಡಬೇಕು, ತಪ್ಪಿದ್ದನ್ನು ತಿದ್ದಿ ಇನ್ನೊಬ್ಬರಿಗೆ ಕಳಿಸಬೇಕು.

ಹಾಗೆಂದು 20 ಸಾವಿರಕ್ಕೆ ಸಿಗುವ ಹೊಸ ಲ್ಯಾಪ್‌ಟಾಪಿಗೆ ಮರುಳಾಗಬೇಡಿ. 4 ಜಿಬಿ ರ‍್ಯಾಮ್, ಇಎಂಎಂಸಿ ಎಂಬ ನಿಧಾನದ ಸಂಗ್ರಹ ಇರುವ ಯಂತ್ರ ತೆರೆಯುವಷ್ಟರಲ್ಲಿ ಒಂದು ಚಹಾ ಆಗುತ್ತದೆ. ಅದಕ್ಕಿಂತ ಟ್ಯಾಬೇ ವಾಸಿ. ಕನಿಷ್ಠ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರಲಿ. ಅಷ್ಟು ಹಣ ಇಲ್ಲದಿದ್ದರೆ ಕಂಪನಿಗಳು ಬಳಸಿ ಬಿಟ್ಟ ಗಟ್ಟಿ ಲ್ಯಾಪ್‌ಟಾಪುಗಳು ವಾರಂಟಿಯ ಜೊತೆಗೆ ಸಿಗುತ್ತವೆ. ಅಲ್ಲೊಂದು ಎಚ್ಚರಿಕೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೂರುವುದು ಇಂಟೆಲ್ಲಿನ 8ನೇ ತಲೆಮಾರಿನಿಂದ ಈಚಿನದಕ್ಕೆ. ಅದಕ್ಕಿಂತ ಹಳತನ್ನು ‘ಹೊಸದರಂತೆ ಉಂಟು’ ಎಂದು ಕೊಟ್ಟರೆ ಬೇಡ ಎನ್ನಿ.

ಕಣ್ಣಿನ ಬಗ್ಗೆಯೂ ಕೇಳುತ್ತಾರೆ, ಟ್ಯಾಬ್ ಕಣ್ಣಿಗೆ ಹಗುರವೇ ಎಂದು. ಪರದೆಯ ಜಾತಿಗಿಂತ ದೂರ ಮುಖ್ಯ. ಟ್ಯಾಬನ್ನು ಮಕ್ಕಳು ಮೂಗಿನ ಹತ್ತಿರ ತರುತ್ತಾರೆ, ಮೇಜಿನ ಮೇಲಿನ ಲ್ಯಾಪ್‌ಟಾಪ್ ತಾನಾಗಿಯೇ ಒಂದೂವರೆ-ಎರಡು ಅಡಿ ದೂರ ಇರುತ್ತದೆ. ಊಟ ಮಾಡಿಸಲು ಪುಟ್ಟ ಮಕ್ಕಳ ಕೈಗೆ ಟ್ಯಾಬ್ ಕೊಡುವವರಿಗೆ: ವಿಶ್ವ ಆರೋಗ್ಯ ಸಂಸ್ಥೆಯ 2019ರ ಸೂಚನೆಯ ಪ್ರಕಾರ ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು.

ನೆರೆಮನೆಯ ಅಣ್ಣ ಕೊನೆಗೆ ಬಳಸಿದ ಲ್ಯಾಪ್‌ಟಾಪ್ ಒಂದನ್ನು 24 ಸಾವಿರಕ್ಕೆ ತೆಗೆದರು. ಮಗಳಿಗೆ ಖುಷಿ. ಮಳೆ ಹಿಡಿದ ಮೇಲೆ ಒಂದು ದಿನ ಅವರದ್ದೇ ಫೋನು: “ಅಲ್ಲ ಮಾರಾಯ್ರೆ, ಈ ಬೆಳೆ ಸಮೀಕ್ಷೆಯ ಆ್ಯಪು ಲ್ಯಾಪ್‌ಟಾಪಿಗೆ ಹತ್ತುವುದೇ ಇಲ್ಲವಲ್ಲ?” ಅದು ಆಂಡ್ರಾಯ್ಡಿನದ್ದು, ತೋಟದ ಸರ್ವೆ ನಂಬರಿನ ಒಳಗೇ ನಿಂತು ಜಿಪಿಎಸ್ ಹಿಡಿದು ಫೋಟೋ ತೆಗೆಯಬೇಕು, ನಿಮ್ಮ ಕಿಸೆಯ ಫೋನೇ ಸಾಕು ಎಂದೆ. “ಅದನ್ನು ಮೊದಲೇ ಹೇಳಬಾರದಿತ್ತಾ? ನಾನು ಕೊಡೆ ಹಿಡಿದು ಇದನ್ನು ಹೊತ್ತುಕೊಂಡು ತೋಟಕ್ಕೆ ಬಂದಾಯ್ತು.”