ಎಮರ್ಜೆನ್ಸಿ ವಿಭಾಗದ ಸಿಸ್ಟರ್: ಕಷ್ಟವೇನು, ತೃಪ್ತಿಯೇನು?

ಹಾಸನದ ಹಿಮ್ಸ್ ಆಸ್ಪತ್ರೆಯಾಗಲಿ, ಚನ್ನರಾಯಪಟ್ಟಣದ ತಾಲ್ಲೂಕು ಆಸ್ಪತ್ರೆಯಾಗಲಿ, ತುರ್ತು ಚಿಕಿತ್ಸಾ ವಿಭಾಗದೊಳಗೆ ಹೋದರೆ ಮೊದಲು ನಮ್ಮ ಬಳಿ ಬರುವವರು ಹೆಚ್ಚಾಗಿ ನರ್ಸ್. ಹೆಂಗಸರಾದರೆ ಸಿಸ್ಟರ್, ಗಂಡಸರಾದರೆ ಬ್ರದರ್ ಎನ್ನುತ್ತೇವೆ. ಇಂಜೆಕ್ಷನ್ ಕೊಡುವುದು, ಡ್ರಿಪ್ಸ್ ಹಾಕುವುದು ಅಷ್ಟೇ ಅವರ ಕೆಲಸ ಎಂದು ಅನೇಕರು ತಿಳಿದಿದ್ದಾರೆ. ಆದರೆ ಕೆಲಸ ಅದಕ್ಕಿಂತ ಬಹಳ ದೊಡ್ಡದು.

ಯಾರು ಮೊದಲು?

2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನದ ಹತ್ತಿರದ ಮೊಸಳೆ ಹೊಸಹಳ್ಳಿಯಲ್ಲಿ ಗಣೇಶ ಮೆರವಣಿಗೆಯ ಮೇಲೆ ಲಾರಿ ಹರಿದದ್ದು ನಮಗೆಲ್ಲ ನೆನಪಿದೆ. ತೀರಿಕೊಂಡವರಲ್ಲಿ ನಮ್ಮಂತಹ ವಿದ್ಯಾರ್ಥಿಗಳೂ ಇದ್ದರು. ಇಂತಹ ಹೊತ್ತಿನಲ್ಲಿ ಗಾಯಾಳುಗಳು ಒಟ್ಟಿಗೇ ಬರುತ್ತಾರೆ. ಬ್ಯಾಂಕಿನ ಟೋಕನ್ನಿನ ಹಾಗೆ ‘ಮೊದಲು ಬಂದವರಿಗೆ ಮೊದಲು’ ಎಂಬ ನಿಯಮ ಅಲ್ಲಿ ನಡೆಯುವುದಿಲ್ಲ. ಉಸಿರು, ನಾಡಿ, ಬಿ.ಪಿ., ಪ್ರಜ್ಞೆ ನೋಡಿ ರೋಗಿಗಳನ್ನು ವಿಂಗಡಿಸುತ್ತಾರೆ. ಇದಕ್ಕೆ ಟ್ರಯಾಜ್ ಎಂದು ಹೆಸರು. ಕೆಂಪು ಎಂದರೆ ತಕ್ಷಣ, ಹಳದಿ ಎಂದರೆ ಸ್ವಲ್ಪ ಕಾಯಬಹುದು, ಹಸಿರು ಎಂದರೆ ಸಣ್ಣ ಗಾಯ. ಜೋರಾಗಿ ಕೂಗುವವನಿಗಿಂತ ಸುಮ್ಮನೆ ಮಲಗಿರುವವನ ಸ್ಥಿತಿಯೇ ಕೆಟ್ಟಿರಬಹುದು. ಅದನ್ನು ಗುರುತಿಸುವ ಕಣ್ಣು ನರ್ಸಿಗೆ ಇರಬೇಕು.

ಹತ್ತು ನಿಮಿಷದ ಇಸಿಜಿ

2025ರಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯಕ್ಕೇ ಸುದ್ದಿಯಾದವು. ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಸಾವುಗಳು ವಿಶೇಷವಾಗಿ ಹೆಚ್ಚಿಲ್ಲ ಎಂದು ಹೇಳಿತು. ಆದರೂ ಹೆದರಿಕೆ ಹೋಗಿಲ್ಲ. ಎದೆನೋವು ಎಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ನಿಯಮ. ಅದನ್ನು ತೆಗೆಯುವವರು ಹೆಚ್ಚಾಗಿ ನರ್ಸ್. ಹೃದಯಾಘಾತ ಖಚಿತವಾದರೆ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಲ್ಲಿ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ.

ಇಲ್ಲಿ ಭಾಷೆಯೂ ಮುಖ್ಯ. ನಮ್ಮ ಮನೆಗಳ ದಾದಿ, ನಾನಿಯರು ‘ಛಾತಿ ಮೇ ಜಲನ್’ ಎನ್ನುತ್ತಾರೆ, ಕನ್ನಡದ ಅಜ್ಜಿಯರು ‘ಗ್ಯಾಸ್ಟ್ರಿಕ್ ಇರಬೇಕು’ ಎನ್ನುತ್ತಾರೆ. ಸಕ್ಕರೆ ಕಾಯಿಲೆ ಇರುವವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಬೆವರು, ಏದುಸಿರು ಬರಬಹುದು. ಎರಡು ಭಾಷೆ ಬಲ್ಲ ನರ್ಸ್ ಒಬ್ಬರು ಅಲ್ಲಿದ್ದರೆ ಆ ಮಾತಿನ ಹಿಂದಿನ ಅಪಾಯ ಬೇಗ ತಿಳಿಯುತ್ತದೆ.

ಕಷ್ಟ ಮತ್ತು ತೃಪ್ತಿ

ರಾತ್ರಿ ಪಾಳಿ, ಊಟಕ್ಕೆ ಹೊತ್ತಿಲ್ಲ, ಹಬ್ಬಕ್ಕೆ ರಜೆ ಖಚಿತವಿಲ್ಲ. ಒಂದು ಹಾಸಿಗೆಯಲ್ಲಿ ಸಾವು ಕಂಡು, ಮರುಕ್ಷಣವೇ ಪಕ್ಕದ ಹಾಸಿಗೆಯ ಮಗುವನ್ನು ನಗುಮುಖದಿಂದ ಮಾತಾಡಿಸಬೇಕು. ರೋಗಿಯ ಕಡೆಯವರ ಸಿಟ್ಟು ಮೊದಲು ಬೀಳುವುದೂ ಅವರ ಮೇಲೆಯೇ. ಆಸ್ಪತ್ರೆ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ ಶಿಕ್ಷೆ ಕೊಡುವ ಕಾನೂನನ್ನು ಕರ್ನಾಟಕ 2009ರಲ್ಲೇ ತಂದಿದೆ.

ತೃಪ್ತಿಯೂ ಅಷ್ಟೇ ದೊಡ್ಡದು. ಹೊಲದಲ್ಲಿ ಹಾವು ಕಚ್ಚಿದ ರೈತನ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದು ಅರ್ಥ. ಸಮಯಕ್ಕೆ ಪ್ರತಿವಿಷ ಸಿಕ್ಕರೆ, ಹೊತ್ತು ತಂದವನು ನಡೆದು ಮನೆಗೆ ಹೋಗುತ್ತಾನೆ. ನಿಂತ ಹೃದಯಕ್ಕೆ ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತಿ ಜೀವ ಉಳಿಸಿದವರಿಗೆ ಸಿಗುವ ಸಮಾಧಾನವನ್ನು ಸಂಬಳದಲ್ಲಿ ಅಳೆಯಲಾಗದು.

ನಾವು ಸೇರಬಹುದೇ?

4 ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ವಿಜ್ಞಾನ ಓದಿರಬೇಕು. ಆದರೆ 3 ವರ್ಷದ ಜಿ.ಎನ್.ಎಂ. ಕೋರ್ಸಿಗೆ ಕಾಮರ್ಸ್, ಆರ್ಟ್ಸ್ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಹುಡುಗರಿಗೂ ಅವಕಾಶವಿದೆ. ‘ಕಾಮರ್ಸ್ ತೆಗೆದುಕೊಂಡರೆ ಆಸ್ಪತ್ರೆ ಕೆಲಸ ಮುಗಿಯಿತು’ ಎನ್ನುವವರಿಗೆ ಇದನ್ನು ತಿಳಿಸಿ.

ಸೇರದಿದ್ದರೂ ನಮ್ಮ ಕೈಲಾಗುವ ಕೆಲಸವಿದೆ. ದಂಡಿಗನಹಳ್ಳಿಯಂತಹ ಹೋಬಳಿಯಿಂದ ದೊಡ್ಡಾಸ್ಪತ್ರೆ ದೂರ, ಆದ್ದರಿಂದ ತಡಮಾಡದೆ 108ಕ್ಕೆ ಕರೆ ಮಾಡಿ. ಅಪಘಾತದಲ್ಲಿ ಬಿದ್ದವರಿಗೆ ಸಹಾಯ ಮಾಡಿದವರನ್ನು ಪೊಲೀಸರು ಹೆಸರು ಹೇಳಲು ಒತ್ತಾಯಿಸುವಂತಿಲ್ಲ. ಮನೆಯ ಹಿರಿಯರು ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಜೊತೆಗಿರಲಿ. ಒಳಗೆ ಒಬ್ಬರೇ ಹೋಗಿ, ಸಿಸ್ಟರ್ ಕೇಳಿದ್ದಕ್ಕೆ ನೇರವಾಗಿ ಉತ್ತರಿಸಿ. ಇದರಿಂದ ಉಳಿಯುವ ನಿಮಿಷಗಳು ರೋಗಿಗೇ ಸಿಗುತ್ತವೆ.