ಸುರಕ್ಷತಾ ಸಮಿತಿ ಸಭೆಗಳ ನಡವಳಿ ಪುಸ್ತಕ

1984ರ ಭೋಪಾಲ್ ದುರಂತದ ತರುವಾಯ, ಕಾರ್ಖಾನೆಗಳ ಅಧಿನಿಯಮ, 1948ಕ್ಕೆ 1987ರಲ್ಲಿ ತಿದ್ದುಪಡಿ ತಂದು, ಅಪಾಯಕಾರಿ ಪ್ರಕ್ರಿಯೆಗಳುಳ್ಳ ಕಾರ್ಖಾನೆಗಳಲ್ಲಿ ಸುರಕ್ಷತಾ ಸಮಿತಿ ರಚನೆಯನ್ನು ಕಡ್ಡಾಯಗೊಳಿಸಲಾಯಿತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯ 22ನೇ ಪ್ರಕರಣದಲ್ಲಿಯೂ ಈ ಸಮಿತಿಗೆ ಅವಕಾಶವಿದ್ದು, ಕಾರ್ಮಿಕರ ಪ್ರತಿನಿಧಿಗಳ ಸಂಖ್ಯೆಯು ಮಾಲೀಕರ ಪ್ರತಿನಿಧಿಗಳ ಸಂಖ್ಯೆಗಿಂತ ಕಡಿಮೆಯಿರತಕ್ಕದ್ದಲ್ಲ.

ಸಭೆಯ ನಡವಳಿಯಲ್ಲಿ ದಿನಾಂಕ, ಹಾಜರಾದವರ ಸಹಿ, ಹಿಂದಿನ ಸಭೆಯ ತೀರ್ಮಾನಗಳ ಅನುಪಾಲನೆ ಹಾಗೂ ಕಾರ್ಮಿಕರು ತಿಳಿಸಿದ ಅಪಾಯಗಳನ್ನು ನಮೂದಿಸುವುದು ಸೂಕ್ತ. “ಯಂತ್ರದ ಬಗ್ಗೆ ಚರ್ಚಿಸಲಾಯಿತು” ಎಂದಷ್ಟೇ ಬರೆದರೆ ಸಾಲದು. ಯಾವ ಯಂತ್ರದ ರಕ್ಷಣಾ ಕವಚ ಸಡಿಲವಾಗಿದೆ, ಅದನ್ನು ಯಾರು, ಯಾವ ದಿನಾಂಕದೊಳಗೆ ಸರಿಪಡಿಸುವರು ಎಂಬುದು ಸ್ಪಷ್ಟವಾಗಿರಲಿ. ನಡವಳಿಯನ್ನು ಕಾರ್ಮಿಕರು ಓದಬಲ್ಲ ಭಾಷೆಯಲ್ಲಿ ಬರೆದು ಸೂಚನಾ ಫಲಕದಲ್ಲಿ ಪ್ರಕಟಿಸುವುದು ಒಳಿತು. ಅಪಘಾತ ಸಂಭವಿಸಿದಲ್ಲಿ, ಅಪಾಯವನ್ನು ಮೊದಲೇ ತಿಳಿಸಲಾಗಿತ್ತೇ ಎಂಬುದಕ್ಕೆ ಈ ಪುಸ್ತಕವೇ ಲಿಖಿತ ಸಾಕ್ಷ್ಯವಾಗುತ್ತದೆ.