ಹೊಸ್ತಿಲಿನಾಚೆ ನಿಂತವರು

ತಿಥಿ ಗೊತ್ತುಮಾಡದೆ ಬರುವವನೇ ಅತಿಥಿ ಎಂದು ಹಿರಿಯರು ಆ ಶಬ್ದವನ್ನು ಬಿಡಿಸಿದರು. ಆದರೆ ಹೇಳದೆ ಬಂದವರೆಲ್ಲ ಅತಿಥಿಗಳಲ್ಲ. ಅತಿಥಿಯು ಹೊಸ್ತಿಲಿನಾಚೆ ನಿಂತು ಕರೆಯನ್ನು ಕಾಯುತ್ತಾನೆ, ಅಧಿಕಾರವು ಕಾಯುವುದಿಲ್ಲ.

ಉತ್ತರಪ್ರದೇಶದ ಖರಕ್ ಸಿಂಗರನ್ನು 1941ರಲ್ಲಿ ಡಕಾಯಿತಿಯ ಆಪಾದನೆಯ ಮೇಲೆ ಹಿಡಿದು, ಸಾಕ್ಷ್ಯ ಸಾಲದೆ ಬಿಟ್ಟರು. ಬಿಟ್ಟ ಮೇಲೂ ಪೊಲೀಸರ ದಫ್ತರವು ಅವರನ್ನು ಬಿಡಲಿಲ್ಲ. ಇರುಳಲ್ಲಿ ಬಂದು ಬಾಗಿಲು ಬಡಿದು ನಿದ್ದೆಗೆಡಿಸುವರೆಂಬುದು ಅವರ ಅಳಲು. 1962ರಲ್ಲಿ ಸುಪ್ರೀಂ ಕೋರ್ಟು ಆ ರಾತ್ರಿಯ ಭೇಟಿಗಳನ್ನು ಅಸಿಂಧುವೆಂದಿತು: ಅವಕ್ಕೆ ಇಲಾಖೆಯ ನಿಯಮದ ಆಸರೆಯಿತ್ತೇ ಹೊರತು ಶಾಸನದ ಆಸರೆಯಿರಲಿಲ್ಲ. ಆದರೆ ಖಾಸಗಿತನವು ಸಂವಿಧಾನವಿತ್ತ ಹಕ್ಕಲ್ಲವೆಂದೂ ಅದೇ ತೀರ್ಪು ನುಡಿಯಿತು. ಆ ಮಾತು ಅಳಿಯಲು 2017 ಬರಬೇಕಾಯಿತು. ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ತಿದ್ದಿದ ಮೊಕದ್ದಮೆಯ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

ಬಾಡಿಗೆಯ ಮನೆಯ ಹೊಸ್ತಿಲೂ ಹೊಸ್ತಿಲೇ. ಮಾಲೀಕನು ಒಳಬರುವ 24 ಗಂಟೆ ಮೊದಲು ತಿಳಿಸಬೇಕೆಂದು 2021ರ ಮಾದರಿ ಬಾಡಿಗೆ ಕಾಯಿದೆ ಹೇಳುತ್ತದೆ. ಮಾದರಿಯು ಶಾಸನವಾಗಬೇಕಾದುದು ಆಯಾ ರಾಜ್ಯಗಳಲ್ಲಿ.

ಶಾಸನದ ಅಪ್ಪಣೆ ಹಿಡಿದು ಬಂದವರಿಗೆ ಬಾಗಿಲು ತೆರೆಯಲೇಬೇಕು. ಆದರೆ ತೆರೆಯುವ ಮುನ್ನ "ಯಾವ ಅಪ್ಪಣೆ?" ಎಂದು ಕೇಳುವುದು ಅವಿನಯವಲ್ಲ, ಅದು ಗೃಹಸ್ಥನ ಧರ್ಮವೇ ಸರಿ.